ಕಲಬುರಗಿಯಲ್ಲಿ ಎರಡು ದಿನ: ಮನೆಯಲ್ಲಿ ಉಳಿದು ಊರು ನೋಡುವ ಕ್ರಮ

ಕಲಬುರಗಿ ನಗರವನ್ನೂ ಪಕ್ಕದ ಕಮಲಾಪುರವನ್ನೂ ಅವಸರವಿಲ್ಲದೆ ನೋಡಲು ಎರಡು ದಿನ ಬೇಕು. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ಒಳ್ಳೆಯದು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 42 ಡಿಗ್ರಿ ದಾಟುವುದು ಇಲ್ಲಿ ವಿಶೇಷವೇನಲ್ಲ. ಆಗ ಮಧ್ಯಾಹ್ನ ಊರಿನವರೇ ಹೊರಗೆ ಬೀಳುವುದಿಲ್ಲ. ನಗರದಲ್ಲಿ ವಸತಿಗೃಹಗಳಿಗೆ ಕೊರತೆಯಿಲ್ಲ. ಆದರೂ ಊರು ನೋಡಲು ಬರುವ ಅನೇಕರು ಇಳಿದುಕೊಳ್ಳುವುದು ಬೀಗರ, ಗೆಳೆಯರ, ಜೊತೆಯಲ್ಲಿ ಕೆಲಸ ಮಾಡುವವರ ಮನೆಯಲ್ಲಿ. ಪ್ರವಾಸ ಕೆಡುವುದೂ ಅಲ್ಲೇ. ನೋಡುವ ಜಾಗಗಳ ಪಟ್ಟಿ ಮೊದಲು ತಯಾರಾಗುತ್ತದೆ, ಉಳಿಯುವ ಮನೆಯ ದಿನಚರಿ ಯಾರ ಲೆಕ್ಕಕ್ಕೂ ಬರುವುದಿಲ್ಲ. ಈ ಕ್ರಮ ತಿರುವುಮುರುವಾಗಬೇಕು.

ಹೊರಡುವ ಮುನ್ನ ಮನೆಯವರಿಗೆ ನಾಲ್ಕು ಸಂಗತಿ ಸ್ಪಷ್ಟವಾಗಿ ತಿಳಿಸಬೇಕು: ಎಷ್ಟು ಜನ, ಯಾವ ರೈಲು, ಎಷ್ಟು ರಾತ್ರಿ, ಯಾವ ಹೊತ್ತಿನ ಊಟ ಮನೆಯಲ್ಲಿ. ಬೆಂಗಳೂರಿನಿಂದ ರಾತ್ರಿ ಹೊರಡುವ ಹಲವು ರೈಲುಗಳು ನಸುಕಿನಲ್ಲೇ ಕಲಬುರಗಿ ತಲುಪುತ್ತವೆ. ಅಷ್ಟು ಹೊತ್ತಿಗೆ ಮನೆಯವರನ್ನು ಸ್ಟೇಷನ್ನಿಗೆ ಕರೆಸುವುದು ಬೇಡ. ಬಡಾವಣೆಯ ಹೆಸರು, ಹತ್ತಿರದ ಗುಡಿ ಅಥವಾ ಶಾಲೆಯ ಗುರುತು ಕೇಳಿಕೊಂಡು ಆಟೋ ಹಿಡಿಯುವುದೇ ಸರಿ. ಬಂದವರು ವಿದೇಶಿ ಪಾಸ್‌ಪೋರ್ಟ್ ಉಳ್ಳವರಾದರೆ ಮನೆಯ ಯಜಮಾನರಿಗೆ ಇನ್ನೊಂದು ಕೆಲಸವಿದೆ. 24 ಗಂಟೆಯೊಳಗೆ ಆನ್‌ಲೈನಿನಲ್ಲಿ ಅತಿಥಿಯ ಮಾಹಿತಿ ಕೊಡಬೇಕು. ಮನೆಯವರೇ ಎಂಬ ಸಲಿಗೆಯಿಂದ ಇದನ್ನು ಬಿಡಬಾರದು.

ಮನೆ ಸೇರಿದ ಮೇಲೆ ಮೊದಲು ಕೇಳಬೇಕಾದದ್ದು ನೀರಿನ ವಿಷಯ. ಹಲವು ಬಡಾವಣೆಗಳಲ್ಲಿ ನಳದ ನೀರು ದಿನವೂ ಬರುವುದಿಲ್ಲ. ಸ್ನಾನದ ಸರದಿಯನ್ನು ಮನೆಯವರು ಹೇಳಿದಂತೆ ಇಟ್ಟುಕೊಳ್ಳಬೇಕು. ಲಿಂಗಾಯತರ ಮನೆಗಳಲ್ಲಿ ಮುಂಜಾನೆ ಸ್ನಾನ, ಲಿಂಗಪೂಜೆ ಆಗುವವರೆಗೆ ಹಿರಿಯರು ಏನನ್ನೂ ಮುಟ್ಟದಿರಬಹುದು. ಅವರನ್ನು ತಿಂಡಿಗೆ ಅವಸರಿಸಬಾರದು. ಹೊರಗಿನಿಂದ ಮಾಂಸದ ಪದಾರ್ಥ ಕಟ್ಟಿಸಿಕೊಂಡು ತರುವುದು ಅಂಥ ಮನೆಗೆ ಸಲ್ಲದು. ಚಹಾ ಬೇಡವೆನ್ನುವವರು ಅರ್ಧ ಕಪ್ಪನ್ನಾದರೂ ತೆಗೆದುಕೊಳ್ಳುವುದು ಲೇಸು.

ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ರೊಟ್ಟಿಯ ವಿಷಯದಲ್ಲಿ. ಮಧ್ಯಾಹ್ನ ಊಟಕ್ಕೆ ಬರುತ್ತೇವೆ ಎಂದು ಹೇಳಿ ಹೋದವರು ಕೋಟೆಯಲ್ಲಿ ಹೊತ್ತು ಕಳೆದು, ದಾರಿಯಲ್ಲಿ ಎಲ್ಲೋ ಉಂಡು, ಮೂರು ಗಂಟೆಗೆ ಮನೆಗೆ ಬರುತ್ತಾರೆ. ಅನ್ನ ಸಾರಿನ ಮನೆಯಲ್ಲಿ ಇದು ಸಣ್ಣ ತಪ್ಪು, ಬಿಸಿ ಮಾಡಿ ಬಡಿಸಿದರಾಯಿತು. ಜೋಳದ ರೊಟ್ಟಿಯ ಮನೆಯಲ್ಲಿ ಹಾಗಾಗುವುದಿಲ್ಲ. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಕುದಿಯುವ ನೀರು ಹಾಕಿ ನಾದಿದ ಹಿಟ್ಟನ್ನು ಆಗಿಂದಾಗ ಬಡಿಯಬೇಕು, ಬಿಟ್ಟರೆ ಅಂಚು ಬಿರಿಯುತ್ತದೆ. ಒಂದೊಂದೇ ರೊಟ್ಟಿಯನ್ನು ಬಡಿದು, ಹಂಚಿಗೆ ಹಾಕಿ, ಮೇಲೆ ನೀರು ಸವರಿ, ತಿರುವಿ, ಉಬ್ಬಿಸಿ ಉಣ್ಣುವವರ ತಾಟಿಗೆ ನೇರವಾಗಿ ಹಾಕುವುದು ಇಲ್ಲಿನ ಪದ್ಧತಿ. ಅತಿಥಿ ಬರುವವರೆಗೆ ಒಲೆಯ ಮುಂದಿನ ಹೆಣ್ಣುಮಗಳು ಕಾಯುತ್ತಾಳೆ, ಅವಳು ತಾನೂ ಉಂಡಿರುವುದಿಲ್ಲ. ಆರಿದ ಬಿಸಿರೊಟ್ಟಿ ಮತ್ತೆ ಕಾಯಿಸಿದರೆ ಚರ್ಮದಂತೆ ಎಳೆಯುತ್ತದೆ. ಇದನ್ನು ಯಾರೂ ಅತಿಥಿಯ ಮುಂದೆ ಆಡಿ ತೋರಿಸುವುದಿಲ್ಲವಾದ್ದರಿಂದ ತಪ್ಪು ಮರುದಿನವೂ ನಡೆಯುತ್ತದೆ.

ಪರಿಹಾರ ಸುಲಭವಿದೆ. ಮಧ್ಯಾಹ್ನದ ಊಟ ಹೊರಗೆ, ರಾತ್ರಿಯದು ಮನೆಯಲ್ಲಿ ಎಂದು ಮುಂಜಾನೆಯೇ ಹೇಳಿಬಿಡಬೇಕು. ರಾತ್ರಿ ಹೇಳಿದ ಹೊತ್ತಿಗೆ ಕೈಕಾಲು ತೊಳೆದು ಕೂತಿರಬೇಕು. ಹೊರಗಿನ ಊಟ ಒಗ್ಗದವರು ಬುತ್ತಿ ಕೇಳಬಹುದು. ಬುತ್ತಿಗೆ ಬಿಸಿರೊಟ್ಟಿ ಬೇಡ, ಕಡಕ್ ರೊಟ್ಟಿ ಸಾಕು. ತೆಳ್ಳಗೆ ಬಡಿದು ಒಣಗಿಸಿದ ಅದು ವಾರಗಟ್ಟಲೆ ಕೆಡುವುದಿಲ್ಲ, ಸಾಮಾನ್ಯವಾಗಿ ಮನೆಯಲ್ಲಿ ಇದ್ದೇ ಇರುತ್ತದೆ. ಜೊತೆಗೆ ಶೇಂಗಾ ಹಿಂಡಿ, ಮೊಸರು ಇದ್ದರೆ ಊಟ ಮುಗಿಯಿತು. ಪುಂಡಿಪಲ್ಯ, ಎಣ್ಣೆಗಾಯಿ ಬದನೆ, ಜುಣಕ ಇವುಗಳ ನಿಜವಾದ ರುಚಿ ಸಿಗುವುದು ಮನೆಯ ಒಲೆಯಲ್ಲೇ. ಹೋಟೆಲಿನ ಉತ್ತರ ಕರ್ನಾಟಕ ಊಟವನ್ನು ಅದಕ್ಕೆ ಹೋಲಿಸಲಾಗದು.

ಮೊದಲ ದಿನ ಮುಂಜಾನೆ, ಬಿಸಿಲೇರುವ ಮುನ್ನ, ಕೋಟೆ. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಕಟ್ಟಿದ ರಾಜ್ಯಕ್ಕೆ ಈ ಊರು ರಾಜಧಾನಿಯಾಗಿತ್ತು. ಹದಿನೈದನೆಯ ಶತಮಾನದಲ್ಲಿ ಅದು ಬೀದರಿಗೆ ಹೋಯಿತು. ಕೋಟೆಯಲ್ಲಿ ತಪ್ಪದೆ ನೋಡಬೇಕಾದದ್ದು 1367ರ ಜಾಮಿ ಮಸೀದಿ. ಸಾಮಾನ್ಯವಾಗಿ ಮಸೀದಿಗಳಿಗೆ ತೆರೆದ ಅಂಗಳವಿರುತ್ತದೆ. ಇಲ್ಲಿ ಪ್ರಾರ್ಥನೆಯ ಜಾಗವಿಡೀ ಗುಮ್ಮಟಗಳ ಛಾವಣಿಯ ಕೆಳಗಿದೆ, ಬೆಳಕು ಬರುವುದು ಪಕ್ಕದ ಕಮಾನುಗಳಿಂದ. ಆ ಕಮಾನುಗಳ ಸಾಲನ್ನು ಒಂದು ಮೂಲೆಯಲ್ಲಿ ನಿಂತು ನೋಡದೆ, ಫೋಟೊ ತೆಗೆದು ಹೊರಬೀಳುವವರು ಈ ಊರಿಗೆ ಬಂದದ್ದೇ ದಂಡ. ಬಾಲಾ ಹಿಸಾರ್ ಮತ್ತು ಉದ್ದನೆಯ ಬಾರಾ ಗಜ್ ತೋಪನ್ನೂ ನೋಡಿಕೊಂಡು ಹತ್ತು ಗಂಟೆಯೊಳಗೆ ಹೊರಬರಬಹುದು. ಗೋಡೆಯ ಮೇಲೆ ಹತ್ತುವಾಗ ಮಕ್ಕಳ ಕೈ ಬಿಡಬಾರದು, ಅನೇಕ ಕಡೆ ಕಟ್ಟೆಯಿಲ್ಲ.

ನಾಲ್ಕು ಗಂಟೆಯ ನಂತರ ಊರಿನ ಪೂರ್ವಕ್ಕೆ ಹೋಗಬೇಕು. ಹಫ್ತ್ ಗುಂಬಜ್ ಎಂಬ ಬಹಮನಿ ಗೋರಿಗಳ ಗುಂಪೂ ಖಾಜಾ ಬಂದೇ ನವಾಜ್ ದರ್ಗಾವೂ ಒಂದಕ್ಕೊಂದು ಹತ್ತಿರ ಇವೆ. ಮೊದಲು ಗುಂಬಜ್, ಆಮೇಲೆ ದರ್ಗಾ. ಫಿರೋಜ್ ಶಾಹನ ಗೋರಿ ಎಲ್ಲಕ್ಕಿಂತ ದೊಡ್ಡದು. ಒಳಗಿನ ಗಾರೆಗೆಲಸ ಸಂಜೆಯ ಬೆಳಕಿಗೆ ಚೆನ್ನಾಗಿ ಕಾಣುತ್ತದೆ. ಫಿರೋಜ್ ಶಾಹನೂ ದೆಹಲಿಯಿಂದ ಬಂದು ಇಲ್ಲಿ ನೆಲೆಸಿದ ಸೂಫಿ ಸಂತ ಬಂದೇ ನವಾಜರೂ ತೀರಿಕೊಂಡದ್ದು ಒಂದೇ ವರ್ಷ, 1422ರಲ್ಲಿ. ದರ್ಗಾದಲ್ಲಿ ತಲೆಗೆ ಬಟ್ಟೆ ಇರಲಿ, ಮಹಿಳೆಯರು ಎಲ್ಲಿಯವರೆಗೆ ಹೋಗಬಹುದೆಂದು ಬಾಗಿಲಲ್ಲೇ ಕೇಳಿಕೊಳ್ಳಲಿ. ಉರುಸಿನ ದಿನಗಳಲ್ಲಿ ಜನಜಂಗುಳಿ ವಿಪರೀತ. ಕಟ್ಟಡ ನೋಡುವ ಉದ್ದೇಶವಿದ್ದವರಿಗೆ ಆ ದಿನಗಳು ಬೇಡ.

ಎರಡನೆಯ ದಿನ ಮುಂಜಾನೆ ಕಮಲಾಪುರ. ಹುಮನಾಬಾದ್, ಬೀದರ್ ಕಡೆಗೆ ಹೋಗುವ ಕಲ್ಯಾಣ ಕರ್ನಾಟಕ ಸಾರಿಗೆ ಬಸ್ಸುಗಳು ಆ ದಾರಿಯಲ್ಲೇ ಹೋಗುತ್ತವೆ, ಒಂದು ಗಂಟೆಯ ಹಾದಿ. 2017ರಲ್ಲಿ ಶುರುವಾದ ಬೀದರ್–ಕಲಬುರಗಿ ರೈಲು ಮಾರ್ಗವೂ ಇದೆ, ಆದರೆ ಬಸ್ಸಿನಷ್ಟು ಅನುಕೂಲವಲ್ಲ. ಒಂದು ಎಚ್ಚರಿಕೆ: ಮೊಬೈಲ್ ನಕ್ಷೆಯಲ್ಲಿ ಬರಿಯ ಕಮಲಾಪುರ ಎಂದು ಹುಡುಕಿದರೆ ಹಂಪಿಯ ಪಕ್ಕದ ಕಮಲಾಪುರ ಬರುತ್ತದೆ. ಕಲಬುರಗಿ ಜಿಲ್ಲೆ ಎಂದು ಸೇರಿಸಿಯೇ ಹುಡುಕಬೇಕು.

ಕಮಲಾಪುರದ ಹೆಸರು ನಿಂತಿರುವುದು ಭೌಗೋಳಿಕ ಸೂಚಿಕೆ ಪಡೆದ ಕೆಂಪು ಬಾಳೆಯ ಮೇಲೆ. ಬೇರೆ ತಳಿಗಳು ವರ್ಷದೊಳಗೆ ಗೊನೆ ಕೊಟ್ಟರೆ ಇದಕ್ಕೆ ಸುಮಾರು ಒಂದೂವರೆ ವರ್ಷ ಬೇಕು, ನೀರೂ ಗೊಬ್ಬರವೂ ಹೆಚ್ಚು. ಬೆಲೆ ಹೆಚ್ಚಿರುವುದು ಅದಕ್ಕೇ. ಬೆಳೆಗಾರರೊಡನೆ ಚೌಕಾಸಿ ಮಾಡುವುದು ಅನ್ಯಾಯ. ತೋಟ ನೋಡಬೇಕೆಂದರೆ ಮನೆಯವರ ಪರಿಚಯದ ರೈತರ ಮೂಲಕ ಮುಂಚೆಯೇ ಕೇಳಿಸಿಕೊಂಡು ಹೋಗಬೇಕು. ಬಣ್ಣ ಕೆಂಪಾಗಿದ್ದ ಮಾತ್ರಕ್ಕೆ ಹಣ್ಣಾಗಿದೆ ಎಂದಲ್ಲ, ಕಾಯಿಯಿದ್ದಾಗಲೇ ಅದು ಕೆಂಪು. ಒತ್ತಿದಾಗ ಮೆತ್ತಗಾಗಿದ್ದರೆ ತಿನ್ನಲು, ಗಟ್ಟಿಯಿದ್ದರೆ ಊರಿಗೆ ಒಯ್ಯಲು.

ಮಧ್ಯಾಹ್ನ ನಗರಕ್ಕೆ ಮರಳಿ, ಸಂಜೆ ಸೇಡಂ ರಸ್ತೆಯಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯದ ಹತ್ತಿರವಿರುವ ಬುದ್ಧ ವಿಹಾರ (2009), ಬಳಿಕ ಶರಣಬಸವೇಶ್ವರ ಗುಡಿ, ಅಪ್ಪನ ಕೆರೆ. ಹೋಳಿಯ ನಂತರದ ಜಾತ್ರೆಯಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಮನೆಗೆ ಒಯ್ಯಲು ತೊಗರಿಬೇಳೆ ಒಳ್ಳೆಯದು, ಅದಕ್ಕೂ ಭೌಗೋಳಿಕ ಸೂಚಿಕೆ ಇದೆ. ಹೊರಡುವಾಗ ಹೆಣ್ಣುಮಕ್ಕಳಿಗೆ ಉಡಿ ತುಂಬಿದರೆ ಬೇಡವೆನ್ನಬಾರದು. ಮನೆಯ ಮಕ್ಕಳ ಕೈಯಲ್ಲಿ ಏನಾದರೂ ಇಟ್ಟು ಹೊರಡಬೇಕು. ಊರು ಮುಟ್ಟಿದ ಮೇಲೆ ಮುಟ್ಟಿದೆವೆಂದು ಫೋನ್ ಮಾಡುವುದನ್ನು ಮಾತ್ರ ಯಾರೂ ಮರೆಯದಿರಲಿ.