ಸೀಟು ಕೊಟ್ಟರಷ್ಟೇ ಸಾಲದು: ವಿಕಲಚೇತನ ಮಕ್ಕಳ ಬಗ್ಗೆ ಶಾಲೆಯ ಕಾನೂನು ಹೊಣೆ

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಎಷ್ಟೋ ಊರುಗಳಿಂದ ತಾಯಂದಿರು ಪುಟ್ಟ ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ. ಅಲ್ಲಿನ ಶಾಲಾಪೂರ್ವ ತರಗತಿಯಲ್ಲಿ ಮಗುವಿನ ಜೊತೆ ಕೂತು ತಾವೂ ಕಲಿಯುತ್ತಾರೆ. ಕಿವಿಗೆ ಯಂತ್ರ ಬಂದು, ಮಗು ನಾಲ್ಕು ಮಾತಾಡತೊಡಗಿದ ಮೇಲೆ ಬಡಾವಣೆಯ ಸಾಮಾನ್ಯ ಶಾಲೆಗೆ ಸೇರಿಸುವ ಹೊತ್ತು ಬರುತ್ತದೆ. ಸೀಟು ಸಿಕ್ಕರೂ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಮೇಷ್ಟ್ರು ಬೋರ್ಡಿನ ಕಡೆ ತಿರುಗಿ ಪಾಠ ಹೇಳಿದರೆ ತುಟಿ ಕಾಣುವುದಿಲ್ಲ. ಪಿ.ಟಿ. ಪೀರಿಯಡ್ಡಿನಲ್ಲಿ ಎಲ್ಲರ ಚೀಲ ಕಾಯುವ ಕೆಲಸ ಇವನಿಗೆ. ಸ್ಕೂಲ್ ಡೇ ಕುಣಿತದಲ್ಲಿ ಇವಳ ಹೆಸರಿಲ್ಲ. ಹೆಸರು ಹಿಡಿದು ಕರೆಯಬೇಕಾದಲ್ಲಿ ‘ಕೆಪ್ಪ’, ‘ಕುಂಟ’ ಎಂಬ ಕೂಗು. ಕೆಲವೇ ತಿಂಗಳಲ್ಲಿ ಮಗು ಕಿವಿಯ ಯಂತ್ರವನ್ನು ಕಳಚಿ ಚೀಲದಲ್ಲಿ ಬಚ್ಚಿಡತೊಡಗುತ್ತದೆ.

‘ಮಕ್ಕಳು ಅಂದ್ರೆ ಹಾಗೇ, ಹೊಂದ್ಕೊಂಡು ಹೋಗ್ಬೇಕು ಕಣಮ್ಮ’ ಎಂಬ ಸಮಾಧಾನದ ಮಾತು ಇಂಥ ಹೊತ್ತಲ್ಲಿ ತಾಯಿಯ ಕಿವಿಗೆ ಬೀಳುತ್ತದೆ. ಆದರೆ ಹೊಂದಿಸಿಕೊಳ್ಳುವ ಹೊಣೆಯನ್ನು ಕಾನೂನು ಮಗುವಿನ ಮೇಲೆ ಹಾಕಿಲ್ಲ, ಶಾಲೆಯ ಮೇಲೆ ಹಾಕಿದೆ.

ಕಾಯ್ದೆ ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ, 2016 ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಷ್ಟೇ ಇದ್ದವು. ಈಗ 21 ಇವೆ. ಆಟಿಸಂ, ಕಲಿಕಾ ನ್ಯೂನತೆ, ಮಾತಿನ ತೊಂದರೆ, ಥಲಸ್ಸೇಮಿಯಾ ಸೇರಿವೆ.

ಕಾಯ್ದೆಯ 16ನೇ ಕಲಂ ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಎಲ್ಲ ಶಾಲೆಗಳನ್ನೂ ಕುರಿತದ್ದು. ಮಾನ್ಯತೆ ಇದ್ದರೆ ಸಾಕು, ಅನುದಾನವಿಲ್ಲದ ಖಾಸಗಿ ಶಾಲೆಯೂ ಇದರಡಿ ಬರುತ್ತದೆ. ಈ ಕಲಂ ಪ್ರಕಾರ ಶಾಲೆಗಳಲ್ಲಿ ಇಷ್ಟು ಇರಲೇಬೇಕು:

• ತಾರತಮ್ಯವಿಲ್ಲದೆ ದಾಖಲಾತಿ. ಪಾಠದಲ್ಲಷ್ಟೇ ಅಲ್ಲ, ಆಟ ಮತ್ತು ಮನರಂಜನೆಯಲ್ಲೂ ಸಮಾನ ಅವಕಾಶ.
• ಮಗು ಓಡಾಡಬಲ್ಲ ಕಟ್ಟಡ, ಆವರಣ, ಸೌಲಭ್ಯ.
• ಆಯಾ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ.
• ಓದಿನ ಜೊತೆಗೆ ಸಾಮಾಜಿಕ ಬೆಳವಣಿಗೆಗೂ ನೆರವಾಗುವ ವಾತಾವರಣ.
• ಕಲಿಕಾ ನ್ಯೂನತೆಯನ್ನು ಬೇಗ ಗುರುತಿಸಿ ಪರಿಹಾರ ಹುಡುಕುವ ಕ್ರಮ.
• ಶಾಲೆಗೆ ಬಂದುಹೋಗಲು ಸಾರಿಗೆ ಸೌಲಭ್ಯ.

‘ಸಾಮಾಜಿಕ ಬೆಳವಣಿಗೆ’ ಎಂಬುದು ಕಾಯ್ದೆಯಲ್ಲೇ ಇರುವ ಮಾತು. ಮಗುವನ್ನು ಆಟದಿಂದ, ಪ್ರವಾಸದಿಂದ, ವೇದಿಕೆಯಿಂದ ಹೊರಗಿಟ್ಟ ಶಾಲೆ ‘ಪಾಠ ಮಾಡಿದ್ದೇವಲ್ಲ’ ಎಂದು ಜಾರಿಕೊಳ್ಳುವಂತಿಲ್ಲ. ಮೊದಲ ಬೆಂಚು, ಹುಡುಗರ ಕಡೆ ಮುಖ ಮಾಡಿ ಪಾಠ, ಗಾಲಿಕುರ್ಚಿ ಹೋಗುವ ಇಳಿಜಾರು, ತರಗತಿಯನ್ನು ನೆಲಮಹಡಿಗೆ ಇಳಿಸುವುದು, ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ ಇವೆಲ್ಲ ‘ತಕ್ಕ ಅನುಕೂಲ’ಕ್ಕೆ ಉದಾಹರಣೆಗಳು. ಶಾಲೆಗೆ ಅತಿಯಾದ ಹೊರೆಯಾಗದಿದ್ದರೂ ಇಂಥ ಅನುಕೂಲವನ್ನು ನಿರಾಕರಿಸಿದರೆ ಕಾಯ್ದೆಯ ವ್ಯಾಖ್ಯೆಯಲ್ಲಿ ಅದೇ ತಾರತಮ್ಯ.

ಶೇ. 40 ಇಲ್ಲದಿದ್ದರೆ?

‘ನಿಮ್ಮ ಮಗುವಿಗೆ ಶೇ. 40ರಷ್ಟು ವೈಕಲ್ಯ ಇಲ್ಲ, ಏನೂ ಬರುವುದಿಲ್ಲ’ ಎಂದು ಹೇಳುವವರಿದ್ದಾರೆ. ಇದು ಅರ್ಧ ನಿಜ. 6ರಿಂದ 18 ವರ್ಷದವರೆಗೆ ನೆರೆಹೊರೆಯ ಶಾಲೆಯಲ್ಲಾಗಲಿ ಇಷ್ಟಪಟ್ಟ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣ, ಉಚಿತ ಪುಸ್ತಕ ಮತ್ತು ಸಾಧನ, ಉನ್ನತ ಶಿಕ್ಷಣದಲ್ಲಿ ಶೇ. 5 ಮೀಸಲಾತಿ, ಇವುಗಳಿಗೆ ಶೇ. 40ರ ಮಿತಿ ಉಂಟು. ಆದರೆ 16ನೇ ಕಲಮಿನ ಹೊಣೆಗೆ ಆ ಮಿತಿಯಿಲ್ಲ. ವಿಕಾಸ್ ಕುಮಾರ್ ಪ್ರಕರಣದಲ್ಲಿ 2021ರ ಫೆಬ್ರವರಿ 11ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ಪರೀಕ್ಷೆಗೆ ಬರಹಗಾರರ ನೆರವನ್ನು ಶೇ. 40 ದಾಟಿದವರಿಗಷ್ಟೇ ಸೀಮಿತಗೊಳಿಸುವುದು ತಪ್ಪು ಎಂದಿತು. ಹೆಚ್ಚುವರಿ ಸಮಯ, ಬರಹಗಾರರು, ಎರಡನೇ ಮತ್ತು ಮೂರನೇ ಭಾಷೆಯ ವಿನಾಯಿತಿ ಇವು 17ನೇ ಕಲಮಿನಲ್ಲಿವೆ.

ಅವಮಾನವೂ ಅಪರಾಧ

ಶಿಕ್ಷಣ ಹಕ್ಕು ಕಾಯ್ದೆ, 2009ರ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಇಡೀ ತರಗತಿಯ ಮುಂದೆ ಮಗುವಿನ ಕೊರತೆಯನ್ನು ಎತ್ತಿ ಆಡುವ ಶಿಕ್ಷಕರ ಮೇಲೆ ಇಲಾಖಾ ಶಿಸ್ತುಕ್ರಮ ಕೈಗೊಳ್ಳಬಹುದು. ಸಾರ್ವಜನಿಕರ ಕಣ್ಣೆದುರು ವಿಕಲಚೇತನರನ್ನು ಬೇಕೆಂದೇ ಅವಮಾನಿಸುವುದು 2016ರ ಕಾಯ್ದೆಯ 92ನೇ ಕಲಮಿನಡಿ ಅಪರಾಧ. ಶಿಕ್ಷೆ 6 ತಿಂಗಳಿಗೆ ಕಡಿಮೆಯಿಲ್ಲದ, 5 ವರ್ಷದವರೆಗಿನ ಸೆರೆ ಮತ್ತು ದಂಡ.

ಆದರೆ ಇದನ್ನು ಸಹಪಾಠಿಗಳ ಮೇಲೆ ಬೀಸಲು ಹೋಗಬೇಡಿ. ಹದಿನೆಂಟು ತುಂಬದವರ ವಿಚಾರಣೆ ಬಾಲನ್ಯಾಯ ಮಂಡಳಿಯ ಮುಂದೆ ನಡೆಯುತ್ತದೆ, ಜೈಲಿನ ಮಾತು ಅಲ್ಲಿ ಬರುವುದಿಲ್ಲ. ಹತ್ತು ವರ್ಷದ ಹುಡುಗನ ಅಪ್ಪ ಅಮ್ಮನ ಜೊತೆ ಜಗಳಕ್ಕೆ ನಿಂತರೆ ನಿಮ್ಮ ಮಗು ಇನ್ನಷ್ಟು ಒಂಟಿಯಾದೀತು. ‘ತರಗತಿಯಲ್ಲಿ ಈ ಬಗ್ಗೆ ತಿಳಿವಳಿಕೆ ಕೊಡಿ, ಮಗುವಿಗೆ ಜೊತೆಗಾರನೊಬ್ಬನನ್ನು ಗೊತ್ತುಮಾಡಿ, ಎಲ್ಲ ಚಟುವಟಿಕೆಗೂ ಸೇರಿಸಿ’ ಎಂದು ಶಾಲೆಯನ್ನೇ ಕೇಳಿ. ಶಾಲೆಗಳಲ್ಲಿ ಅರಿವು ಮೂಡಿಸಬೇಕೆಂದು 2016ರ ಕಾಯ್ದೆಯ 39ನೇ ಕಲಮಿನಲ್ಲೂ ಹೇಳಿದೆ.

ಮಾಡಬೇಕಾದ್ದೇನು?

1. ದಾಖಲೆ ಮಾಡಿಸಿ. ಸ್ವಾವಲಂಬನ್ ಪೋರ್ಟಲಿನಲ್ಲಿ ಯುಡಿಐಡಿ (ವಿಕಲಚೇತನರ ವಿಶಿಷ್ಟ ಗುರುತಿನ) ಕಾರ್ಡಿಗೆ ಅರ್ಜಿ ಹಾಕಿ, ಸೂಚಿಸಿದ ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸಬೇಕು. ಶ್ರವಣ, ಮಾತು, ಕಲಿಕಾ ನ್ಯೂನತೆಯ ಪರೀಕ್ಷೆಗೆ ಮೈಸೂರಿನವರಿಗೆ ವಾಕ್ ಶ್ರವಣ ಸಂಸ್ಥೆಯೇ ಹತ್ತಿರದಲ್ಲಿದೆ. ಕಾರ್ಡು ಬರುವ ತನಕ ತಜ್ಞರ ವರದಿಯ ಆಧಾರದ ಮೇಲೇ ಶಾಲೆಯನ್ನು ಕೇಳಬಹುದು.

2. ಮುಖ್ಯ ಶಿಕ್ಷಕರಿಗೆ ಲಿಖಿತ ಅರ್ಜಿ ಕೊಡಿ. ಬಾಯಿಮಾತಿಗೆ ದಾಖಲೆ ಉಳಿಯುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಮಾದರಿ ಹೀಗಿದೆ:

‘ಮಾನ್ಯರೇ, ನನ್ನ ಮಗಳು ತಮ್ಮ ಶಾಲೆಯ 4ನೇ ತರಗತಿಯಲ್ಲಿ ಓದುತ್ತಿದ್ದಾಳೆ. ಅವಳಿಗೆ ಶ್ರವಣದೋಷವಿದೆ (ವರದಿ ಲಗತ್ತಿಸಿದೆ). ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ ಕಲಂ 16ರಂತೆ ಅವಳನ್ನು ಮೊದಲ ಬೆಂಚಿನಲ್ಲಿ ಕೂರಿಸಲು, ಆಟ ಮತ್ತು ಶಾಲಾ ವಾರ್ಷಿಕೋತ್ಸವದಲ್ಲಿ ಎಲ್ಲರೊಡನೆ ಸೇರಿಸಿಕೊಳ್ಳಲು, ಸಹಪಾಠಿಗಳು ಅಡ್ಡಹೆಸರಿನಿಂದ ಕರೆಯುವುದನ್ನು ತಡೆಯಲು ಕ್ರಮ ಕೈಗೊಂಡು, 15 ದಿನದೊಳಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’

15 ದಿನ ಎಂಬುದು ಕಾನೂನಿನ ಗಡುವಲ್ಲ; ನೀವಾಗಿ ಕೇಳುವ ಕಾಲಾವಕಾಶ.

3. ಉತ್ತರ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗೆ, ಆಮೇಲೆ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ ದೂರು ಕೊಡಿ. ಹಿಂಬರಹ ಕೇಳಿ ಪಡೆಯಿರಿ. ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಇಂಥ ಮಕ್ಕಳಿಗೆಂದೇ ಇರುವ ಬಿ.ಐ.ಇ.ಆರ್.ಟಿ. ಶಿಕ್ಷಕರನ್ನೂ ಕಾಣಿ. ದೂರು ಎಲ್ಲಿಗೆ ಬಂತೆಂದು ತಿಳಿಯಲು ಮಾಹಿತಿ ಹಕ್ಕಿನ ಅರ್ಜಿ ಹಾಕಬಹುದು. 30 ದಿನದಲ್ಲಿ ಉತ್ತರ ಕೊಡಬೇಕು.

  

4. ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಿರಿ. ವಿಚಾರಣೆಗೆ ಜನರನ್ನು ಕರೆಸುವಲ್ಲಿ, ದಾಖಲೆ ತರಿಸುವಲ್ಲಿ ಅವರಿಗೆ ಸಿವಿಲ್ ನ್ಯಾಯಾಲಯದ ಅಧಿಕಾರ ಉಂಟು. ಅವರ ಶಿಫಾರಸಿನ ಮೇಲೆ ಏನು ಮಾಡಲಾಯಿತೆಂದು ಸಂಬಂಧಪಟ್ಟ ಪ್ರಾಧಿಕಾರ 3 ತಿಂಗಳಲ್ಲಿ ತಿಳಿಸಬೇಕು. ಕಿರುಕುಳದ ಪ್ರಕರಣವನ್ನು ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಒಯ್ಯಬಹುದು. ತುರ್ತಿಗೆ ಮಕ್ಕಳ ಸಹಾಯವಾಣಿ 1098.

5. ನ್ಯಾಯಾಲಯಕ್ಕೆ ಹೋಗಬೇಕಾಗಿ ಬಂದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಕ್ಕಳಿಗೂ ವಿಕಲಚೇತನರಿಗೂ ಆದಾಯದ ಮಿತಿ ಇಲ್ಲ. ಸಹಾಯವಾಣಿ 15100. 2016ರ ಕಾಯ್ದೆ ಮೀರಿದ್ದು ಸಾಬೀತಾದರೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮೀರಿದರೆ 50,000ದಿಂದ 5 ಲಕ್ಷ ರೂಪಾಯಿವರೆಗೆ ದಂಡ.

ಟಿ.ಸಿ. ತೆಗೆದುಕೊಳ್ಳಿ ಎಂದರೆ?

‘ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ, ವಿಶೇಷ ಶಾಲೆಗೆ ಸೇರಿಸಿ’ ಎಂದರೆ ಸಹಿ ಮಾಡುವ ಮೊದಲು ಆ ಮಾತನ್ನು ಬರೆದು ಕೊಡುವಂತೆ ಕೇಳಿ. ಮೈಸೂರಿನ ತಿಲಕ್ ನಗರದಲ್ಲಿ ಸರ್ಕಾರಿ ವಿಶೇಷ ಶಾಲೆ ಇದೆ, ಅದರ ಅಗತ್ಯವಿರುವ ಮಕ್ಕಳೂ ಇದ್ದಾರೆ. ಆದರೆ ಆಯ್ಕೆ ಮನೆಯವರದು ಮತ್ತು ಮಗುವಿನದು, ಮುಖ್ಯ ಶಿಕ್ಷಕರದಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಶಾಲೆಯಿಂದ ಹೊರಹಾಕುವುದನ್ನು ಶಿಕ್ಷಣ ಹಕ್ಕು ಕಾಯ್ದೆಯೂ ನಿಷೇಧಿಸಿದೆ.

ಅರ್ಜಿ ಬರೆಯುವಾಗ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ‘ಶಾಲೆಯಲ್ಲಿ ಏನು ಬದಲಾದರೆ ನಿನಗೆ ಸುಲಭ?’ ಎಂದು ಕೇಳಿ. ದೊಡ್ಡವರು ಇಳಿಜಾರು ಕೇಳಬೇಕು ಎಂದುಕೊಂಡಿದ್ದಾಗ ಮಗು ಕಬಡ್ಡಿಯಲ್ಲಿ ಅಂಕ ಬರೆಯುವ ಕೆಲಸವಾದರೂ ಬೇಕು ಎಂದೀತು. ಅರ್ಜಿಯಲ್ಲಿ ಎರಡನ್ನೂ ಬರೆಯಿರಿ. ತನ್ನ ಮಾತಿಗೆ ಬೆಲೆಯಿದೆ ಎಂಬುದು ಮಗುವಿಗೆ ಅಲ್ಲಿಂದಲೇ ತಿಳಿಯತೊಡಗುತ್ತದೆ. ಮೊದಲ ಅರ್ಜಿಯನ್ನು ಶಾಲೆ ತೆರೆದ ವಾರವೇ ಕೊಡಿ. ಎಸ್ಸೆಸ್ಸೆಲ್ಸಿ ಮಕ್ಕಳಾದರೆ ಬರಹಗಾರರ ಮತ್ತು ಹೆಚ್ಚುವರಿ ಸಮಯದ ಕೋರಿಕೆಯನ್ನು ಪರೀಕ್ಷೆಯ ನೋಂದಣಿಗೆ ಮೊದಲೇ ಶಾಲೆಯ ಮೂಲಕ ಮಂಡಳಿಗೆ ಕಳಿಸಿಬಿಡಿ.