ಕತ್ತಲೆಕಾನಿನ ಮರಕ್ಕೆ ನೀವೆಷ್ಟು ಕೊಡ್ತೀರಾ?

ಶ್ರೀಗಂಧದ ಬೆಲೆ ಕೇಳಿದರೆ ಯಾರಾದರೂ ಹುಡುಕಿ ಹೇಳಬಹುದು. ಆದರೆ ‘ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್’ ಮರದ ಬೆಲೆ? ಹೆಸರೇ ಕೇಳಿಲ್ಲ ಅಂತೀರಾ? ಉತ್ತರ ಕನ್ನಡದ ಸಿದ್ದಾಪುರ ತಾಲೂಕಿನ ಕತ್ತಲೆಕಾನಿನಿಂದ ಹೆಸರು ಪಡೆದ ಈ ಮರ ಮಾವು, ಗೇರಿನ ಕುಟುಂಬದ್ದು. ಹೊಸ ಪ್ರಭೇದವೆಂದು ಇದನ್ನು ವಿವರಿಸಿದ್ದು 2000ರಲ್ಲಿ. ನೀರು ಒಸರುವ ರಾಮಪತ್ರೆ ಜಡ್ಡಿಗಳೇ ಇದರ ಮನೆ. ಜಡ್ಡಿಗಳು ಗದ್ದೆ, ತೋಟಗಳಾದಂತೆ ಮರವೂ ಅಳಿವಿನಂಚಿಗೆ ಬಂದಿದೆ.

ಇದಕ್ಕೆ ಮಾರುಕಟ್ಟೆ ಇಲ್ಲ. ಸಮಸ್ಯೆ ಇರೋದೇ ಇಲ್ಲಿ. ಯೋಜನೆಗಾಗಿ ಕಾಡು ಕೊಟ್ಟಾಗ ಹೆಕ್ಟೇರ್ ಲೆಕ್ಕದಲ್ಲಿ ಹಣ ಕಟ್ಟಿಸಿಕೊಳ್ಳುತ್ತಾರೆ. ಆ ದರ ಕಾಡಿನ ಬಗೆ, ದಟ್ಟಣೆಯನ್ನು ನೋಡುತ್ತದೆಯೇ ಹೊರತು ಅಲ್ಲಿರುವ ಅಪರೂಪದ ಮರವನ್ನಲ್ಲ. ಖಾಲಿ ಬಿಟ್ಟ ಖಾನೆ, ಕೂಡುವಾಗ ಸೊನ್ನೆಯೇ ತಾನೇ?

ಎಂದೂ ನೋಡದ ವಸ್ತು ಉಳಿದಿದೆ ಅನ್ನುವುದಕ್ಕೇ ಜನ ಬೆಲೆ ಕೊಡುತ್ತಾರೆ ಎಂದು ಅರ್ಥಶಾಸ್ತ್ರಜ್ಞ ಜಾನ್ ಕ್ರುಟಿಲ್ಲಾ 1967ರಲ್ಲೇ ವಾದಿಸಿದ್ದರು. ಅದನ್ನು ಅಳೆಯುವ ಒಂದು ವಿಧಾನ ‘ಕಂಟಿಂಜೆಂಟ್ ವ್ಯಾಲ್ಯುಯೇಷನ್’, ಅಂದರೆ ಜನರನ್ನೇ ಕೇಳುವುದು. 1989ರಲ್ಲಿ ಅಲಾಸ್ಕಾದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ತೈಲ ಸೋರಿದ ಮೇಲೆ ಹೀಗೆ ಕೇಳಿದಾಗ, ಅಂಥ ದುರಂತ ತಡೆಯಲು ಅಮೆರಿಕದ ಕುಟುಂಬಗಳು ಕೊಡಲೊಪ್ಪಿದ ಮಧ್ಯಾಂಕ 31 ಡಾಲರ್. ಒಟ್ಟು 280 ಕೋಟಿ ಡಾಲರ್! ವಿವಾದವೂ ಆಯಿತು. 1993ರಲ್ಲಿ ಕೆನೆತ್ ಆರೋ, ರಾಬರ್ಟ್ ಸೋಲೊ ನೇತೃತ್ವದ ಸಮಿತಿ ಪ್ರಶ್ನೆ ಕೇಳುವ ರೀತಿಗೇ ನಿಯಮ ಸೂಚಿಸಿತು.

‘ಎಷ್ಟು ಕೊಡ್ತೀರಾ?’ ಅಂತ ಸುಮ್ಮನೆ ಕೇಳಬಾರದು (ನಮ್ಮ ತಲೆಬರಹವೇ ತಪ್ಪು!). ಹೀಗೆ ಕೇಳಬೇಕು: ‘ಈ ಜಡ್ಡಿ ಉಳಿಸಲು ನಿಮ್ಮ ಮನೆಗೆ ಒಮ್ಮೆ 200 ರೂಪಾಯಿ ತೆರಿಗೆ ಬೀಳುತ್ತದೆ. ಬೇರೆ ಖರ್ಚುಗಳನ್ನೂ ನೆನಪಿಡಿ. ನಿಮ್ಮ ಮತ ಹೌದೋ, ಅಲ್ಲವೋ?’ ಕೆಲವರಿಗೆ 50, ಕೆಲವರಿಗೆ 500 ಎಂದು ಮೊತ್ತ ಬದಲಿಸಬೇಕು. ಬೇರೆ ಬೇರೆ ಸ್ಯಾಂಪಲ್‌ಗೆ ಬೇರೆ ಬೇರೆ ಲೋಡ್ ಹಾಕಿ ಎಷ್ಟು ಮುರಿದವು ಅಂತ ನೋಡಿದ ಹಾಗೆ. ಮೊತ್ತ ಏರಿದಂತೆ ‘ಹೌದು’ ಇಳಿಯುತ್ತದೆ. ಅರ್ಧದಷ್ಟು ಜನ ಒಪ್ಪುವ ಮೊತ್ತವೇ ಮಧ್ಯಾಂಕ.

ಆದರೂ ಎರಡು ಎಚ್ಚರಿಕೆ. ಬಾಯಲ್ಲಿ ‘ಹೌದು’ ಅಂದವರೆಲ್ಲ ಜೇಬಿಗೆ ಕೈ ಹಾಕುವುದಿಲ್ಲ. ಇನ್ನೊಂದು, ಜಡ್ಡಿಯಿಂದ ಹರಿವ ನೀರನ್ನೇ ನಂಬಿದ ಬಡ ರೈತ 20 ರೂಪಾಯಿ ಅಂದರೆ, ಅದು ಅವನ ಜೇಬಿನ ಅಳತೆ, ಕಾಳಜಿಯದ್ದಲ್ಲ. ಹಾಗಾಗಿ ಸಿಕ್ಕ ಅಂಕಿಯನ್ನು ಮರದ ಮಾರಾಟದ ಬೆಲೆ ಅಂದುಕೊಳ್ಳಬಾರದು. ಆ ಖಾನೆ ಸೊನ್ನೆಯಲ್ಲ ಅನ್ನುವುದಕ್ಕೆ ಅದು ಸಾಕ್ಷಿ, ಅಷ್ಟೇ.

ನಾಳೆ ರಸ್ತೆ, ಕಾಲುವೆಗಳ ನಕ್ಷೆಯಲ್ಲಿ ಗೆರೆ ಎಳೆಯೋರು ನಾವೇ. ಆಗ ಖಾಲಿ ಖಾನೆ ಕಂಡರೆ, ಕೂಡುವ ಮೊದಲು ಒಮ್ಮೆ ಕೇಳೋಣ.