ಹೊಲದ ಮಣ್ಣು ಕೆಟ್ಟರೆ ಕೇಸು ರೈತನ ಮೇಲಲ್ಲ

ಕಲಘಟಗಿ ಕಡೆ ಕಲ್ಲು ಕ್ವಾರಿ, ಕ್ರಷರುಗಳ ಮಗ್ಗುಲಲ್ಲಿ ತಪ್ಪಲ ಪಲ್ಯ ಬೆಳೆಯುವವರು ಮಣ್ಣು ಪರೀಕ್ಷೆಗೆ ಹಿಂಜರಿಯುವುದು ಸಹಜ. ವಿಷವಿದೆ ಎಂದು ವರದಿ ಬಂದರೆ ಸಂತೆಯಲ್ಲಿ ಕೊಳ್ಳುವವರಾರು? ಕೇಸು ತಮ್ಮ ಕೊರಳಿಗೇ ಬಿದ್ದರೆ? ಕೇಸಿನ ಭಯ ಬೇಡ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 18ನೇ ಕಲಮು ರೈತನನ್ನೂ ಅವನು ಹೊಲದಲ್ಲಿ ಬೆಳೆದ ಬೆಳೆಯನ್ನೂ ಕಾಯ್ದೆಯಿಂದ ಹೊರಗಿಟ್ಟಿದೆ. ಮಾಲಿನ್ಯ ಮಾಡಿದವನೇ ದಂಡ ತೆರಬೇಕೆಂದು ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿದೆ.

ನಮ್ಮ ಧಾರವಾಡ ಜಿಲ್ಲೆಯಲ್ಲಿ ಬಳ್ಳಾರಿಯಂಥ ದೊಡ್ಡ ಅದಿರು ಗಣಿಗಳಿಲ್ಲ, ನಿಜ. ಆದರೆ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾವನ್ನು ನೆನೆಯಿರಿ. ಹತ್ತಿರದ ಮಂಗಳೂರು (ಕರಾವಳಿಯದಲ್ಲ) ಚಿನ್ನದ ಗಣಿ ಮುಚ್ಚಿ ವರ್ಷಗಳಾದ ಮೇಲೆ ಅಲ್ಲಿನ ನೀರು, ಮಣ್ಣು ಎರಡರಲ್ಲೂ ಆರ್ಸೆನಿಕ್ ಕಂಡಿತು. ಜನರ ಅಂಗೈ, ಅಂಗಾಲಿನ ಚರ್ಮ ಗಂಟುಗಟ್ಟಿತ್ತು. ಇಂಥವೇ ಬೇರೆ ವಿಷಲೋಹಗಳಲ್ಲಿ ಸೀಸ ಮಕ್ಕಳ ಮಿದುಳಿಗೆ, ಕ್ಯಾಡ್ಮಿಯಂ ಮೂತ್ರಪಿಂಡಕ್ಕೆ ಕೇಡು. ಮೆಂತ್ಯ, ಪಾಲಕದಂಥ ಸೊಪ್ಪು ಇವನ್ನು ಹೆಚ್ಚು ಹೀರುತ್ತದೆ. ತೊಳೆದರೆ ಎಲೆಯ ಮೇಲಿನ ಧೂಳು ಹೋದೀತು, ಬೇರು ಎಳೆದುಕೊಂಡದ್ದು ಹೋಗದು.

ಮಣ್ಣು ಆರೋಗ್ಯ ಚೀಟಿ ಕೈಯಲ್ಲಿದೆ ಎಂದು ನಿಶ್ಚಿಂತೆಯಿಂದ ಇರಬೇಡಿ. ಅದರ 12 ಅಂಶಗಳಲ್ಲಿ ಸಾರಜನಕ, ರಂಜಕ, ಸತು ಇವೆಯೇ ಹೊರತು ಸೀಸವೂ ಇಲ್ಲ, ಆರ್ಸೆನಿಕ್ಕೂ ಇಲ್ಲ. ಪರೀಕ್ಷೆಗೆ ಕೊಡುವಾಗ ಲೋಹಗಳ ಹೆಸರು ಬರೆದೇ ಕೇಳಬೇಕು. ಕಬ್ಬಿಣದ ಸಲಿಕೆ ಬಿಟ್ಟು ಮರದ ತುಂಡಿನಿಂದ ಹೊಲದ ಹಲವು ಕಡೆ ಅರ್ಧ ಅಡಿ ಆಳದ ಮಣ್ಣು ತೆಗೆದು ಬೆರೆಸಿ, ಚೀಲದ ಮೇಲೆ ಸರ್ವೆ ನಂಬರು, ತಾರೀಖು ಬರೆಯಿರಿ. ಹೀಗೆ ನೀವೇ ತೆಗೆದ ಮಾದರಿ ನಿಮ್ಮ ತಿಳಿವಳಿಕೆಗೆ. ಎದುರಾಳಿ ಅಲ್ಲಗಳೆಯದಂಥ ಪುರಾವೆ ಬೇಕಾದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಧಾರವಾಡ ಪ್ರಾದೇಶಿಕ ಕಚೇರಿಗೆ ದೂರು ಕೊಟ್ಟು, ಅಧಿಕಾರಿಗಳೇ ಬಂದು ಮಾದರಿ ತೆಗೆಯುವಂತೆ ಕೇಳಿ. ದೂರಿನ ಒಂದು ಪ್ರತಿಗೆ ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಕ್ರಷರಿನ ಪರವಾನಗಿ, ಷರತ್ತುಗಳ ನಕಲು ಮಾಹಿತಿ ಹಕ್ಕಿನಡಿ 10 ರೂಪಾಯಿ ಅರ್ಜಿಗೆ 30 ದಿನದಲ್ಲಿ ಸಿಗಬೇಕು. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಗಣಿ ಗುತ್ತಿಗೆದಾರರು ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಕಟ್ಟುವ ಹಣ ಬಾಧಿತ ಊರುಗಳ ನೀರು, ಆರೋಗ್ಯಕ್ಕೇ ಮೊದಲು ಸಲ್ಲಬೇಕು. ಗ್ರಾಮಸಭೆಯಲ್ಲಿ ಠರಾವು ಮಾಡಿ ಕೇಳಿ.

ಪರಿಹಾರ ಬೇಕಾದರೆ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಚೆನ್ನೈ ಪೀಠವಿದೆ. ವಕೀಲರಿಲ್ಲದೆ ನೀವೇ ವಾದಿಸಬಹುದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಉಚಿತ ವಕೀಲರ ಹಕ್ಕಿದೆ: 15100ಕ್ಕೆ ಫೋನ್ ಮಾಡಿ, ಇಲ್ಲವೇ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಗಡುವು ಮಾತ್ರ ಮರೆಯಬೇಡಿ. ಪರಿಹಾರದ ಅರ್ಜಿಗೆ 5 ವರ್ಷ, ಮಾಲಿನ್ಯ ತಡೆಯಿರಿ ಎಂಬ ಅರ್ಜಿಗೆ ಬರೀ 6 ತಿಂಗಳು.